ಯಂತ್ರದೊಳಗಿನ ಗುಮಾಸ್ತ

ಅರಸೀಕೆರೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ಇಲ್ಲಿ ಹೇಳಹೊರಟಿರುವುದು ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಇನ್ನೊಂದು ಅರಸೀಕೆರೆಯ ಬಗ್ಗೆ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದೇ ಆಗಲಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಪಿಂಚಣಿಯ ಅರ್ಜಿಗೆ ಜನ ಬಂದು ನಿಲ್ಲುವುದು ಕಚೇರಿಯ ಕಂಪ್ಯೂಟರಿನ ಮುಂದೆ. 2020ರ ಲಾಕ್‌ಡೌನ್ ಕಾಲದಲ್ಲಿ ಇಂಥ ಊರುಗಳ ಮನೆಗಳೊಳಗೂ ಕಚೇರಿಯ ಕಂಪ್ಯೂಟರು ಬಂತು. ಬೆಂಗಳೂರಿನ ಕಂಪನಿಗಳಲ್ಲಿದ್ದ ಮಕ್ಕಳು ಲ್ಯಾಪ್‌ಟಾಪ್ ಹೊತ್ತು ಊರಿಗೆ ಮರಳಿ, ಪಡಸಾಲೆಯಲ್ಲೇ ಕುಳಿತು ಕೆಲಸ ಮಾಡಿದರು.

ಆ ಲ್ಯಾಪ್‌ಟಾಪಿನೊಳಗೆ ಕಣ್ಣಿಗೆ ಕಾಣದ ಒಬ್ಬ ನೌಕರನೂ ಇರುತ್ತಾನೆ. ತಂತ್ರಜ್ಞರು ಅವನನ್ನು 'ಏಜೆಂಟ್' ಎನ್ನುತ್ತಾರೆ. ಯಂತ್ರ ಚಾಲೂ ಆದೊಡನೆ ಎಚ್ಚರಗೊಳ್ಳುವ ಒಂದು ಸಣ್ಣ ತಂತ್ರಾಂಶ ಅದು. ಆಗಾಗ ಕೇಂದ್ರದ ಸರ್ವರ್‌ಗೆ ವರದಿ ಒಪ್ಪಿಸುತ್ತದೆ, ಅಲ್ಲಿಂದ ಬಂದ ಹುಕುಮನ್ನು ಜಾರಿ ಮಾಡುತ್ತದೆ. ಕೆಲಸ ಮಾಡುವವನಿಗಿಂತ ಹೆಚ್ಚಿನ ಅಧಿಕಾರ ಅದಕ್ಕಿದೆ. ಅವನು ಅದನ್ನು ತೆಗೆದುಹಾಕಲಾರ, ಅದು ಮಾತ್ರ ಇಡೀ ಯಂತ್ರವನ್ನೇ ಅಳಿಸಿಹಾಕಬಲ್ಲದು.

ಏಜೆಂಟ್ ಎಂಬುದಕ್ಕೆ ನಮ್ಮಲ್ಲೇ ಒಂದು ಹಳೆಯ ಪದವಿದೆ: ಗುಮಾಸ್ತ. ಈಗ ಅದು ಬರೀ ಕಾರಕೂನನೆಂಬ ಅರ್ಥಕ್ಕೆ ಇಳಿದಿದೆ. ಮೂಲ ಫಾರಸಿಯಲ್ಲಿ 'ಗುಮಾಶ್ತಾ' ಎಂದರೆ ನೇಮಿಸಲ್ಪಟ್ಟವನು, ಧಣಿಯ ಪರವಾಗಿ ಬೇರೆಡೆ ಕೆಲಸ ನೋಡುವವನು. ಈಸ್ಟ್ ಇಂಡಿಯಾ ಕಂಪನಿ 1753ರಲ್ಲಿ ಬಂಗಾಳದಲ್ಲಿ ದಲ್ಲಾಳಿ ವರ್ತಕರನ್ನು ಕೈಬಿಟ್ಟು, ಸಂಬಳದ ಗುಮಾಸ್ತರ ಮೂಲಕ ಬಟ್ಟೆ ಖರೀದಿಸತೊಡಗಿತು. ನೇಕಾರನಿಗೆ ಮುಂಗಡ ಕೊಡುವುದು, ಮಗ್ಗದ ಮೇಲೆ ಕಣ್ಣಿಡುವುದು, ಬಟ್ಟೆಯ ಗುಣ ಪರೀಕ್ಷಿಸುವುದು ಅವರ ಕೆಲಸ. ಇಷ್ಟೇ ಆಗಿದ್ದರೆ ತಕರಾರು ಇರುತ್ತಿರಲಿಲ್ಲವೇನೋ. ಆದರೆ ಗುಮಾಸ್ತನ ಹಿಂದೆ ಪೇದೆಗಳಿದ್ದರು, ತಡವಾದರೆ ನೇಕಾರನ ಬೆನ್ನಿಗೆ ಏಟು ಬೀಳುತ್ತಿತ್ತು. ಕಂಪನಿಯಲ್ಲೇ ನೌಕರಿ ಮಾಡಿದ್ದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ದೌರ್ಜನ್ಯಗಳನ್ನು ಬಯಲಿಗೆಳೆದ. ಧಣಿ ದೂರದ ಲಂಡನ್ನಿನಲ್ಲಿದ್ದ. ಗುಮಾಸ್ತನ ಅಧಿಕಾರದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂದು ನೇಕಾರನಿಗೆ ಹೇಳುವವರೇ ಇರಲಿಲ್ಲ.

ಹರಪನಹಳ್ಳಿ ಸೀಮೆ 1800ರಲ್ಲಿ ಕಂಪನಿಯ ಕೈಗೆ ಬಂದ ದತ್ತ ಮಂಡಲಕ್ಕೆ ಸೇರಿತ್ತು. ಥಾಮಸ್ ಮನ್ರೋ 1807ರವರೆಗೆ ಅಲ್ಲಿ ಕಲೆಕ್ಟರ್ ಆಗಿದ್ದ. ಊರಿನ ಲೆಕ್ಕವೆಲ್ಲ ಕರಣಂ ಕೈಯಲ್ಲಿ. ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯನ್ನು ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು ಕರ್ನಾಟಕದ ಹಳೆಯ ಲೆಕ್ಕಿಗರ ರೂಢಿ. ಅದೇ 'ಕಡತ'. ಒರೆಸಿ ಮತ್ತೆ ಬರೆಯಬಹುದು. ಅನುಕೂಲವೂ ಅಲ್ಲಿ, ಅಪಾಯವೂ ಅಲ್ಲಿ. ಆದ್ದರಿಂದಲೇ ವರ್ಷಕ್ಕೊಮ್ಮೆ ಜಮಾಬಂದಿ, ಮೇಲಿನಿಂದ ಬಂದವರ ತನಿಖೆ. ದಫ್ತರ, ತಹಶೀಲ್ದಾರ, ಜಮಾಬಂದಿ, ನಕಲು, ಅಸಲು – ಲೆಕ್ಕಪತ್ರದ ನಮ್ಮ ಶಬ್ದಗಳಲ್ಲಿ ಅರಬಿ-ಫಾರಸಿಯ ಪಾಲು ಎಷ್ಟೆಂಬುದನ್ನು ಓದುಗರು ಗಮನಿಸಬೇಕು. 1953ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿತು, ಸಂಬಳದ ಗ್ರಾಮಲೆಕ್ಕಿಗ ಬಂದ.

ಕಂಪ್ಯೂಟರು ಈ ಕಥೆಯೊಳಗೆ ಕಾಲಿಟ್ಟದ್ದು 'ಭೂಮಿ' ಯೋಜನೆಯಿಂದ. ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ತಾಲ್ಲೂಕು ಕಚೇರಿಗಳ ಯಂತ್ರಕ್ಕೇರಿದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆಯೇ ಇದೆ. ಖಾತೆ ಬದಲಾವಣೆ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಯಂತ್ರಕ್ಕೆ ಪ್ರವೇಶಿಸಬೇಕಿತ್ತು, ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು. ಯಾರು ಏನು ಮಾಡಿದರೆಂಬುದು ಯಂತ್ರದಲ್ಲಿ ದಾಖಲಾಗುತ್ತಿತ್ತು. ಲಂಚಕ್ಕೆ ಬೇಸತ್ತಿದ್ದ ರೈತ ಇದನ್ನು ಕಣ್ಗಾವಲೆಂದು ಭಾವಿಸಲಿಲ್ಲ, ನೆಮ್ಮದಿಯೆಂದು ಭಾವಿಸಿದ. ಅವನ ಭಾವನೆಯಲ್ಲಿ ತಪ್ಪಿರಲಿಲ್ಲ.

ಇಂದಿನ ಏಜೆಂಟ್ ಕೂಡ ಹುಟ್ಟಿದ್ದು ಯಂತ್ರದ ಕಾವಲಿಗೇ. ಒಂದು ಸಂಸ್ಥೆಯಲ್ಲಿ ನೂರಾರು ಕಂಪ್ಯೂಟರುಗಳಾದಾಗ ಒಂದೊಂದರ ಮುಂದೆಯೂ ಹೋಗಿ ಕುಳಿತು ರಿಪೇರಿ ಮಾಡುವುದು ಅಸಾಧ್ಯ. 1990ರ ದಶಕದಲ್ಲಿ ದೂರದಿಂದಲೇ ನಿರ್ವಹಿಸುವ ತಂತ್ರಾಂಶಗಳು ಬಂದವು. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಜಗತ್ತನ್ನು ಸುತ್ತಿದಾಗ ಇವುಗಳ ಅಗತ್ಯ ಎಲ್ಲರಿಗೂ ಮನದಟ್ಟಾಯಿತು. ಯಂತ್ರದ ಕ್ರಮಸಂಖ್ಯೆ, ತಂತ್ರಾಂಶಗಳ ಪಟ್ಟಿ, ಭದ್ರತೆಯ ಸ್ಥಿತಿ ವರದಿಯಾಗುತ್ತವೆ. ಪೆನ್‌ಡ್ರೈವ್ ತಡೆಯಬಹುದು, ಕಳವಾದ ಲ್ಯಾಪ್‌ಟಾಪಿಗೆ ಬೀಗ ಹಾಕಬಹುದು. ಈ ಗುಮಾಸ್ತನೂ ತಪ್ಪು ಮಾಡುತ್ತಾನೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಏಜೆಂಟಿನ ಒಂದು ದೋಷದಿಂದ ಜಗತ್ತಿನ ಸುಮಾರು 85 ಲಕ್ಷ ಯಂತ್ರಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಡತದ ಕಾಲ ಅರ್ಧ ದಿನ ಮರಳಿ ಬಂದಂತಾಯಿತು!

ಕಚೇರಿಯ ಯಂತ್ರವನ್ನು ಬಳಸುವವನಿಗೆ ಒಂದು ಹೊಣೆಯಿದೆ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) (ಆಡಳಿತ 717–720) ರಾಜ್ಯದ ಕೆಲಸ ಮಾಡುತ್ತಿದ್ದಾಗ ಮಾತು ಸ್ವಂತ ವಿಚಾರಕ್ಕೆ ಹೊರಳಿದೊಡನೆ ಸರಕಾರಿ ಎಣ್ಣೆಯ ದೀಪ ಆರಿಸಿ ತಮ್ಮ ದೀಪ ಹಚ್ಚಿಕೊಂಡರೆಂಬ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಲ್ಯಾಪ್‌ಟಾಪ್ ಆ ದೀಪದಂತೆ ಅಮಾನತ್ತು. ಮಾಲೀಕ ಅದರ ಲೆಕ್ಕ ಕೇಳಿದರೆ ಬೇಸರಪಡಬೇಕಿಲ್ಲ.

ಈ ಕಥೆಯನ್ನು ಹೇಳುವವರು ಇನ್ನೊಬ್ಬ ಉಮರ್‌ರ ಕಥೆಯನ್ನೂ ಹೇಳಬೇಕು. ಎರಡನೆಯ ಖಲೀಫಾ ಹ. ಉಮರ್(ರ) ರಾತ್ರಿ ಮದೀನಾದ ಗಸ್ತಿನಲ್ಲಿದ್ದಾಗ ಒಂದು ಮನೆಯಿಂದ ಹಾಡು ಕೇಳಿ ಗೋಡೆ ಹತ್ತಿ ಒಳಗಿಳಿದರಂತೆ. ಅಲ್ಲಿದ್ದವನು ಮದ್ಯದೊಂದಿಗೆ ಸಿಕ್ಕಿಬಿದ್ದ. ಆದರೂ ಅಂಜದೆ, ನಾನು ಒಂದು ತಪ್ಪು ಮಾಡಿದೆ, ನೀವು ಮೂರು ಮಾಡಿದಿರಿ ಎಂದ. ಗೂಢಚರ್ಯೆ ಮಾಡಿದಿರಿ, ಬಾಗಿಲು ಬಿಟ್ಟು ಬಂದಿರಿ, ಅನುಮತಿಯಿಲ್ಲದೆ ಬಂದಿರಿ. ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಗೂಢಚರ್ಯೆಯನ್ನು ನಿಷೇಧಿಸಿರುವುದನ್ನು ಅವನು ನೆನಪಿಸಿದ್ದ. ಖಲೀಫಾ ಅವನನ್ನು ಬಿಟ್ಟು ಹೊರಟರೆಂದು ಕಥೆ ಹೇಳುತ್ತದೆ. ಮೊದಲ ಕಥೆ ಮಾಲೀಕರಿಗೆ ಬಹಳ ಇಷ್ಟ, ಎರಡನೆಯದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಗೋಡೆ ಹತ್ತಿದ ಏಜೆಂಟಿನ ಉದಾಹರಣೆಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತ್ತು. ಕಳವಾದರೆ ಪತ್ತೆಹಚ್ಚಲೆಂದು ಅದರಲ್ಲಿದ್ದ ನಿರ್ವಹಣಾ ತಂತ್ರಾಂಶ ಮಕ್ಕಳ ಮಲಗುವ ಕೋಣೆಗಳಿಂದಲೂ ಚಿತ್ರ ತೆಗೆದು ಕಳುಹಿಸುತ್ತಿತ್ತು. 2010ರಲ್ಲಿ ಒಬ್ಬ ಹುಡುಗನ ಮನೆಯವರು ಮೊಕದ್ದಮೆ ಹೂಡಿದಾಗ ವಿಷಯ ಹೊರಬಿತ್ತು. ಚಿತ್ರಗಳು ಐವತ್ತು ಸಾವಿರಕ್ಕೂ ಹೆಚ್ಚು. ಅದೇ ವರ್ಷ 6,10,000 ಡಾಲರ್ ಕೊಟ್ಟು ಶಾಲಾ ಜಿಲ್ಲೆ ರಾಜಿ ಮಾಡಿಕೊಂಡಿತು. ಕಾವಲಿಗೆಂದು ಇಟ್ಟ ತಂತ್ರಾಂಶವೇ, ಯಾರಿಗೂ ಹೇಳದೆ ಹೀಗೆ ಬಳಕೆಯಾಗಿತ್ತು.

ನ್ಯಾಯಾಲಯಗಳು ಈ ಎಲ್ಲೆಯನ್ನು ಗುರುತಿಸತೊಡಗಿದ್ದು ಈಚೆಗೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹನ್ನೆರಡೇ ದಿನಗಳ ಬಳಿಕ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರೊಮೇನಿಯಾದ ಬರ್ಬುಲೆಸ್ಕು ಎಂಬ ನೌಕರನ ಪರ ತೀರ್ಪಿತ್ತಿತು. ಕಚೇರಿಯ ಕಂಪ್ಯೂಟರಿನಲ್ಲಿ ಮನೆಯವರೊಂದಿಗೆ ಹರಟಿದ್ದಕ್ಕೆ 2007ರಲ್ಲಿ ಕೆಲಸ ಕಳೆದುಕೊಂಡವನು ಅವನು. ನಿಗಾ ಇಡುವುದೇ ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಎಷ್ಟರಮಟ್ಟಿಗೆ ನಿಗಾ ಎಂಬುದನ್ನು ಮೊದಲೇ ತಿಳಿಸಿದ್ದರೇ, ಅಷ್ಟು ನೋಡುವ ಅಗತ್ಯವಿತ್ತೇ ಎಂದು ಕೇಳಿತು. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಪ್ರಶ್ನೆಯನ್ನು ಇಷ್ಟು ಬಿಗಿಯಾಗಿ ಕೇಳುವುದಿಲ್ಲ. ಉದ್ಯೋಗದ ಉದ್ದೇಶಕ್ಕೂ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೂ ನೌಕರನ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಅದರ 7ನೇ ಕಲಮು ದಾರಿ ಬಿಟ್ಟಿದೆ. ಆ ದಾರಿ ಅಗಲವಾಯಿತೆಂದೇ ನನ್ನ ಅಭಿಪ್ರಾಯ.

ಹೋಬಳಿಗೇ ಮರಳೋಣ. ಗ್ರಾಮಲೆಕ್ಕಿಗನ ಹೆಸರೀಗ ಗ್ರಾಮ ಆಡಳಿತ ಅಧಿಕಾರಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಲ್ಯಾಂಡ್ ಬೀಟ್, ಪೌತಿ ಖಾತೆ ಎಂದು ಇಲಾಖೆ ಒಂದರ ಮೇಲೊಂದು ಆ್ಯಪ್ ಹೇರುತ್ತಿದೆ, ಅದಕ್ಕೆ ತಕ್ಕ ಮೊಬೈಲು, ಲ್ಯಾಪ್‌ಟಾಪ್ ಕೊಟ್ಟಿಲ್ಲ ಎಂಬುದು ಅವರ ದೂರುಗಳಲ್ಲೊಂದು. ಲ್ಯಾಂಡ್ ಬೀಟ್ ಕೆಲಸಕ್ಕೆ ಸರಕಾರಿ ಜಮೀನಿನ ಬಳಿಗೆ ಹೋಗಿ ಮೊಬೈಲಿನಲ್ಲೇ ಜಾಗ ಗುರುತಿಸಬೇಕು. ಬಂಗಾಳದ ಗುಮಾಸ್ತ ನೇಕಾರನ ಮನೆಗೆ ಬಂದು ಕೂರುತ್ತಿದ್ದ. ಇಲ್ಲಿ ಕಚೇರಿಯೇ ನೌಕರನ ಜೇಬಿಗೆ ಬಂದು ಕುಳಿತಿದೆ. ಹೆಂಡತಿ ಮಕ್ಕಳ ಫೋಟೊ, ಸಾಲದ ಲೆಕ್ಕ, ಮದ್ದಿನ ಚೀಟಿ ಇರುವ ಫೋನು ಅದು. ಸಂಬಳದಲ್ಲಿ ತಾನೇ ಕೊಂಡದ್ದು, ಕರೆನ್ಸಿ ಹಾಕಿಸಿಕೊಳ್ಳುವುದೂ ತಾನೇ. ಅಲ್ಲಿ ದೀಪವೂ ಅವನದೇ, ಎಣ್ಣೆಯೂ ಅವನದೇ.