ಇಪ್ಪತ್ತೊಂಬತ್ತರ ಪಟ್ಟಿಯಲ್ಲಿ ಇಲ್ಲದ ರೇಷ್ಮೆ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರ ಸಾಲಿಗೆ, ದೆಹಲಿಯ ಸರ್ಕಾರ ದೇಶದ ಕಾರ್ಖಾನೆಗಳ ಮೊದಲ ಗಣತಿ ನಡೆಸಿತು. ‘ಸೆನ್ಸಸ್ ಆಫ್ ಮ್ಯಾನುಫ್ಯಾಕ್ಚರ್ಸ್’ ಎಂದು ಅದರ ಹೆಸರು. ಕೈಗಾರಿಕೆಗಳನ್ನು 63 ಗುಂಪುಗಳಾಗಿ ವಿಂಗಡಿಸಿ, ಅವುಗಳಲ್ಲಿ 29ನ್ನು ಮಾತ್ರ ಎಣಿಕೆಗೆ ಆರಿಸಿಕೊಂಡರು. ಆ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಮೇಲಿಂದ ಕೆಳಕ್ಕೆ ಓದಿದೆ. ಗೋಧಿ ಹಿಟ್ಟು, ಅಕ್ಕಿ ಗಿರಣಿ, ಬಿಸ್ಕತ್ತು, ಸಕ್ಕರೆ, ಸಾಬೂನು, ಬೆಂಕಿಪೊಟ್ಟಣ ಇವೆ. ಹೊಲಿಗೆ ಯಂತ್ರ, ಸೈಕಲ್ಲು, ಬಲ್ಬು, ಫ್ಯಾನಿಗೆ ಬೇರೆ ಬೇರೆ ಗುಂಪುಗಳಿವೆ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಕಟ್ಟುತ್ತಿದ್ದರಲ್ಲ, ಆ ಇದ್ದಿಲು ಗ್ಯಾಸಿನ ಯಂತ್ರಕ್ಕೂ ಒಂದು ಗುಂಪು! ಬಟ್ಟೆಯ ಸಾಲಿನಲ್ಲಿ ಹತ್ತಿ, ಉಣ್ಣೆ, ಸೆಣಬು ಇವೆ. ರೇಷ್ಮೆ ಇಲ್ಲ.

ನಾನು ಹುಡುಕುತ್ತಿದ್ದದ್ದು ಚಾಮರಾಜನಗರ ಮತ್ತು ಗುಂಡ್ಲುಪೇಟೆಯನ್ನು. ಯುದ್ಧ ಮುಗಿದ ಆ ಐದಾರು ವರ್ಷಗಳಲ್ಲಿ ಈ ಸೀಮೆಯಲ್ಲಿ ಏನು ತಯಾರಾಗುತ್ತಿತ್ತು, ಎಷ್ಟು ತಯಾರಾಗುತ್ತಿತ್ತು, ಅದು ದೇಶದ ಕೈಗಾರಿಕಾ ಉತ್ಪಾದನೆಯ ಲೆಕ್ಕದಲ್ಲಿ ಯಾವ ಸಾಲಿಗೆ ಸೇರಿತು ಎಂಬುದಷ್ಟೇ ನನ್ನ ಪ್ರಶ್ನೆ. ಇಲ್ಲಿನ ಮುಖ್ಯ ಕಸುಬಾದ ರೇಷ್ಮೆಗೆ ಪಟ್ಟಿಯಲ್ಲೇ ಜಾಗವಿಲ್ಲವೆಂದ ಮೇಲೆ ಹುಡುಕಾಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಇಲ್ಲದಿರುವುದಕ್ಕೂ ಕಾರಣಗಳಿರುತ್ತವೆ, ಆ ಕಾರಣಗಳೂ ದಾಖಲೆಯಲ್ಲೇ ಇರುತ್ತವೆ.

ಮೊದಲನೆಯದು ಗಡಿ. ಗಣತಿಗೆ ಆಧಾರವಾದದ್ದು 1942ರ ಕೈಗಾರಿಕಾ ಅಂಕಿಅಂಶ ಕಾಯ್ದೆ. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ; ಮೈಸೂರು ಮಹಾರಾಜರ ಸೀಮೆಗೆ ಅದರ ಅಧಿಕಾರ ದಾಟುತ್ತಿರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಆಗ ಮೈಸೂರು ಸಂಸ್ಥಾನದ ತಾಲ್ಲೂಕುಗಳು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಕೊಳ್ಳೇಗಾಲವೋ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಬಂದದ್ದು 1956ರ ನವೆಂಬರಿನಲ್ಲಿ. ಇವಿಷ್ಟೂ ಸೇರಿ ಒಂದು ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ‘ಚಾಮರಾಜನಗರ ಜಿಲ್ಲೆಯ 1946ರ ಉತ್ಪಾದನೆ’ ಎಂದು ಕೇಳಿದವರು ಮೂರು ಆಡಳಿತಗಳ ಕಡತ ಹಿಡಿದು ಕೂರಬೇಕು. ಸಂತೇಮರಹಳ್ಳಿಯ ರೇಷ್ಮೆ ಗೂಡು ನೂಲಾಗಿ ಕೊಳ್ಳೇಗಾಲದ ಮಗ್ಗಕ್ಕೆ ಹೋದರೆ ಲೆಕ್ಕದ ಮಟ್ಟಿಗೆ ಅದು ಪರರಾಜ್ಯಕ್ಕೆ ಹೋದಂತೆ. ಕಾವೇರಿ ಬಯಲಿನ ನೇಕಾರನಿಗೆ ಹಾಗೇನೂ ಅನ್ನಿಸಿರಲಾರದು.

ಎರಡನೆಯದು ಕಾರ್ಖಾನೆ ಎಂದರೇನು ಎಂಬ ವ್ಯಾಖ್ಯೆ. ಗಣತಿಗೆ ಬರಬೇಕಾದರೆ ಯಂತ್ರಶಕ್ತಿ ಇರಬೇಕು, 20 ಅಥವಾ ಅದಕ್ಕಿಂತ ಹೆಚ್ಚು ಆಳುಗಳಿರಬೇಕು. ಈಗ ರೇಷ್ಮೆ ನೂಲು ಬಿಚ್ಚುವ ಕೈ ಚರಕದ ಮನೆಯೊಂದನ್ನು ನೋಡಿ. ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ಅದರಲ್ಲಿ ತೇಲುವ ಗೂಡುಗಳು. ಬಿಚ್ಚುವವರು ಕೂತಲ್ಲಿಂದಲೇ ಬಿಸಿನೀರಿಗೆ ಬೆರಳದ್ದಿ ಎಳೆಯ ತುದಿ ಹಿಡಿದು, ಹತ್ತಾರು ಎಳೆಗಳನ್ನು ಒಂದಾಗಿ ಹೊಸೆದು ಮೇಲಕ್ಕೆ ಬಿಡುತ್ತಾರೆ. ಇನ್ನೊಬ್ಬರು ರಾಟೆ ತಿರುಗಿಸುತ್ತಾರೆ. ಬೆರಳ ತುದಿಯ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿದಿರುತ್ತದೆ. ಸತ್ತ ಹುಳುವಿನ ವಾಸನೆ ಬೀದಿಯ ಕೊನೆಗೂ ಬರುತ್ತದೆ. ಒಂದು ಚರಕಕ್ಕೆ ಇಬ್ಬರು. ಮನೆಯಲ್ಲಿ ಮೂರು ಚರಕವಿದ್ದರೂ ಆರು ಜನ. ಯಂತ್ರಶಕ್ತಿ ಇಲ್ಲ, ಇಪ್ಪತ್ತು ಜನ ಇಲ್ಲ. ಅಕ್ಕಿ ಗಿರಣಿ ಪಟ್ಟಿಯಲ್ಲಿತ್ತು ನಿಜ. ಆದರೆ ನಮ್ಮ ಸಣ್ಣ ಊರುಗಳ ಗಿರಣಿಯಲ್ಲಿ ಯಜಮಾನ, ಗುಮಾಸ್ತ, ಹಮಾಲಿಗಳು ಎಲ್ಲರೂ ಸೇರಿದರೂ ಇಪ್ಪತ್ತು ದಾಟುವುದು ಕಷ್ಟ.

ಈ ಗಣತಿ ಬರೀ ಪುಸ್ತಕವಾಗಿ ಉಳಿಯಲಿಲ್ಲ ಎನ್ನುವುದರಿಂದ ವಿಷಯ ಗಂಭೀರವಾಗುತ್ತದೆ. ಕೈಗಾರಿಕಾ ಉತ್ಪಾದನೆ ಏರಿತೋ ಇಳಿಯಿತೋ ಎಂದು ಹೇಳುವ ಸೂಚ್ಯಂಕ ದೆಹಲಿಯಲ್ಲಿ ಮೊದಲು 1937ನ್ನು ಮೂಲವರ್ಷವಾಗಿಟ್ಟುಕೊಂಡು, ಬರೀ 15 ಕೈಗಾರಿಕೆಗಳ ಮೇಲೆ ನಿಂತಿತ್ತು. ಯುದ್ಧಾನಂತರ ಮೂಲವರ್ಷ 1946ಕ್ಕೆ ಬಂತು, ಮುಂದೆ 1951ಕ್ಕೆ. ಸೂಚ್ಯಂಕದ ಕೆಲಸ ಸರಳ: ಒಂದೊಂದು ಸರಕೂ ಮೂಲವರ್ಷಕ್ಕಿಂತ ಎಷ್ಟುಪಟ್ಟು ತಯಾರಾಯಿತು ಎಂದು ನೋಡುವುದು, ಅದು ಸೇರಿಸಿದ ಮೌಲ್ಯಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೆಯುವುದು. ಆ ಮೌಲ್ಯ ಗೊತ್ತಾಗುವುದು ಗಣತಿಯಿಂದಲೇ. ಗಣತಿಗೆ ಸಿಗದ ಸರಕಿಗೆ ತೂಕ ಎಲ್ಲಿಂದ ಬರಬೇಕು? ಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತು, ಪ್ಯಾರಾಚೂಟಿಗೆ ಮೈಸೂರು ರೇಷ್ಮೆ ಬೇಕಾಗಿ, ಬೆಲೆ ಗಗನಕ್ಕೇರಿತ್ತು. ಯುದ್ಧ ಮುಗಿದ ಮೇಲೆ ಬೇಡಿಕೆ ಕುಸಿದು ಬೆಲೆ ನೆಲಕ್ಕೆ ಬಿತ್ತು. 1948ರ ಕಾಯ್ದೆಯಂತೆ ಕೇಂದ್ರ ರೇಷ್ಮೆ ಮಂಡಳಿ ಹುಟ್ಟುವಷ್ಟು ಗದ್ದಲ ಇತ್ತ ನಡೆದಿದ್ದಾಗ ಅತ್ತ ಸೂಚ್ಯಂಕ ಸಿಮೆಂಟು, ಕಲ್ಲಿದ್ದಲು, ಉಕ್ಕನ್ನು ತೂಗುತ್ತಿತ್ತು.

ವ್ಯಾಪಾರದ ಚುರುಕು ಅಳೆಯುವ ಬೇರೆ ದಾರಿಗಳೂ ಆಗ ಇದ್ದವು: ರೈಲಿನ ಸರಕು, ಬ್ಯಾಂಕುಗಳ ಚೆಕ್ಕು ವಿಲೇವಾರಿ, ವಿದ್ಯುತ್ ಬಳಕೆ. ಚಾಮರಾಜನಗರಕ್ಕೆ ನಂಜನಗೂಡಿನಿಂದ ರೈಲು ಬಂದದ್ದು 1926ರಲ್ಲಿ. ಹಳಿ ಅಲ್ಲಿಗೇ ಮುಗಿಯಿತು. ಗುಂಡ್ಲುಪೇಟೆಗೆ ಇಂದಿಗೂ ರೈಲಿಲ್ಲ. ವ್ಯಾಗನ್ ಎಣಿಸಿದರೆ ಚಾಮರಾಜನಗರ ಸಿಗುತ್ತದೆ, ಬಂಡೀಪುರ ದಾಟಿ ನೀಲಗಿರಿಗೂ ವಯನಾಡಿಗೂ ಗಾಡಿ ಹೊಡೆದ ಗುಂಡ್ಲುಪೇಟೆ ಸಿಗುವುದಿಲ್ಲ. ಶ್ರೀಗಂಧದ ಕಥೆ ಇನ್ನೂ ವಿಚಿತ್ರ. ಮರ ಈ ಸೀಮೆಯ ಕಾಡಿನದು, ಎಣ್ಣೆ ಮಾತ್ರ ಮೈಸೂರು ನಗರದ ಕಾರ್ಖಾನೆಯದು. ಮೌಲ್ಯ ಸೇರಿದ್ದು ಎಲ್ಲಿ ಎಂದರೆ ಎಣ್ಣೆ ಇಳಿಸಿದ ಊರಿನಲ್ಲಿ.

ಹಾಗಾದರೆ ಗೂಡಿನ ತೂಕದಿಂದ ರೇಷ್ಮೆಯನ್ನು ಅಂದಾಜು ಮಾಡಬಹುದಲ್ಲ ಎಂದು ನನಗೂ ಅನ್ನಿಸಿತ್ತು. ರೇಷ್ಮೆಯವರು ‘ರೆಂಡಿಟ್ಟ’ ಎನ್ನುತ್ತಾರೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಅಳತೆ. ಇಂದಿನ ಒಳ್ಳೆಯ ಬೈವೋಲ್ಟಿನ್ ತಳಿಯ ಗೂಡಾದರೆ ಆರೇಳು ಕಿಲೋ ಸಾಕು. ಹಳೆಯ ಮೈಸೂರು ತಳಿಗೆ ಅದರ ಎರಡರಷ್ಟಾದರೂ ಬೇಕಿತ್ತು, ಅದೂ ಮಳೆ, ಸೊಪ್ಪು, ಬಿಚ್ಚುವವರ ಕೈ ನೋಡಿಕೊಂಡು ಬದಲಾಗುತ್ತಿತ್ತು. ಇಂದಿನ ರೆಂಡಿಟ್ಟ ಹಾಕಿ ಅಂದಿನ ನೂಲು ಲೆಕ್ಕ ಮಾಡಿದರೆ ಉತ್ಪಾದನೆ ಒಂದಕ್ಕೆ ಎರಡಾಗಿ ಕಾಣುತ್ತದೆ. ಆ ದಾರಿ ಬಿಟ್ಟೆ.

ಅಂಕಿಅಂಶಗಳ ಈ ಕೊರತೆಯನ್ನು ಮೊದಲೇ ಕಂಡಿದ್ದವರು ನಮ್ಮವರೇ. ಮೊದಲ ಮಹಾಯುದ್ಧ ಕಳೆದ ಮೇಲೆ, 1925ರಲ್ಲಿ, ಭಾರತ ಸರ್ಕಾರ ಆರ್ಥಿಕ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ. ಉತ್ಪಾದನೆಯ ಅಂಕಿಅಂಶ ಸಂಗ್ರಹಕ್ಕೆ ಕಾಯ್ದೆ ಬೇಕು, ಅದನ್ನೆಲ್ಲ ಒಂದೆಡೆ ನೋಡಿಕೊಳ್ಳಲು ಕೇಂದ್ರದಲ್ಲಿ ಕಚೇರಿ ಬೇಕು ಎಂದು ಸಮಿತಿ ಬರೆಯಿತು. ವರದಿ ಮೂಲೆಗೆ ಬಿತ್ತು. ಕಾಯ್ದೆ ಬರಲು ಹದಿನೇಳು ವರ್ಷವೂ ಇನ್ನೊಂದು ಮಹಾಯುದ್ಧವೂ ಬೇಕಾದವು.

ಸಣ್ಣವರನ್ನು ಲೆಕ್ಕಕ್ಕೆ ತಂದದ್ದು ಗಣತಿಯಲ್ಲ, 1949ರ ಆಗಸ್ಟಿನಲ್ಲಿ ನೇಮಕವಾದ ರಾಷ್ಟ್ರೀಯ ವರಮಾನ ಸಮಿತಿ. ಪಿ.ಸಿ. ಮಹಾಲನೋಬಿಸ್ ಅಧ್ಯಕ್ಷರು; ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಕಟ್ಟಿದ ರಾವ್ ಅವರೇ ಇವರು. ಸಣ್ಣ ಉದ್ದಿಮೆಗಳಲ್ಲಿ ದುಡಿಯುವವರೆಷ್ಟು, ತಲೆಗೆ ಉತ್ಪಾದನೆ ಎಷ್ಟು, ಎರಡನ್ನೂ ಗುಣಿಸಿ ಅಂದಾಜು ಹಾಕಿದರು. ಒರಟು ಲೆಕ್ಕವೇ. ಆದರೂ ಬಂದ ಉತ್ತರ ದೊಡ್ಡದು: ದೇಶದ ವರಮಾನದಲ್ಲಿ ದೊಡ್ಡ ಕಾರ್ಖಾನೆಗಳ ಪಾಲಿಗಿಂತ ಸಣ್ಣ ಉದ್ದಿಮೆ, ಕೈಕಸುಬುಗಳ ಪಾಲೇ ಹೆಚ್ಚು. ನನ್ನ ಹುಡುಕಾಟದಲ್ಲಿ ನೆಮ್ಮದಿ ಸಿಕ್ಕಿದ್ದು ಈ ಒಂದು ಜಾಗದಲ್ಲಿ. ನಮ್ಮ ಚರಕದ ಮನೆಗಳು ಹೆಸರಿಲ್ಲದೆ, ಊರಿಲ್ಲದೆ, ಆ ಗುಣಾಕಾರದೊಳಗೆ ಕೂತಿವೆ.

ಊರಿನ ಮಟ್ಟಕ್ಕೆ ಇಳಿಯಬೇಕೆಂದರೆ 1951ರ ಜನಗಣತಿ ಬೇಕು. ಜೀವನೋಪಾಯವನ್ನು ಎಂಟು ವರ್ಗ ಮಾಡಿದ್ದಾರೆ. ಬೇಸಾಯವಲ್ಲದ ಉತ್ಪಾದನೆ ಐದನೆಯದು, ವ್ಯಾಪಾರ ಆರನೆಯದು. ಮುಖ್ಯ ಕಸುಬಿನ ಜೊತೆಗೆ ಉಪಕಸುಬನ್ನೂ ಕೇಳಿದ್ದಾರೆ. ಹೊಲದಲ್ಲಿ ರಾಗಿ, ಮನೆಯಲ್ಲಿ ಹುಳು ಎನ್ನುವ ಕುಟುಂಬ ಸಿಗುವುದು ಈ ಉಪಕಸುಬಿನ ಅಂಕಣದಲ್ಲಿ, ಸಿಕ್ಕರೆ. ಸಂಶೋಧಕರು ಸಾಮಾನ್ಯವಾಗಿ ಮುಖ್ಯ ಕಸುಬು ನೋಡಿ ಪುಟ ಮಗುಚುತ್ತಾರೆ. ಅದು ತಪ್ಪು ಪದ್ಧತಿ ಎಂದು ನನ್ನ ಖಚಿತ ಅಭಿಪ್ರಾಯ.

1953ರ ಹೊಸ ಕಾಯ್ದೆಯಂತೆ 1959ರ ಸಾಲಿನಿಂದ ಗಣತಿಯ ಜಾಗಕ್ಕೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಬಂತು. ಆಳುಗಳ ಮಿತಿ ಆಗ ಇಳಿಯಿತು: ವಿದ್ಯುತ್ ಇದ್ದರೆ 10 ಜನ, ಇಲ್ಲದಿದ್ದರೆ 20. ಚರಕದ ಮನೆ ಈಗಲೂ ಹೊರಗೇ.

ಹೀಗಿರುವಾಗ ಉಳಿದದ್ದು ಮನೆಗಳ ಕಾಗದ. ನಿಮ್ಮ ಅಟ್ಟದಲ್ಲಿ ಗೂಡು ಮಾರಿದ ಚೀಟಿ, ಗಿರಣಿಯ ರೋಜು ಪುಸ್ತಕ, ಫಿಲೇಚರಿನ (ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ) ಹಾಜರಿ ಪುಸ್ತಕ, ಚಾಮರಾಜನಗರ ಸ್ಟೇಷನ್ನಿನ ಸರಕು ರಸೀತಿ ಏನಾದರೂ ಇದ್ದರೆ ಹಳೇ ಪೇಪರಿನವರಿಗೆ ತೂಕಕ್ಕೆ ಹಾಕಬೇಡಿ. ಮೈಸೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಇದೆ. ಮೊದಲು ಅಲ್ಲಿ ಒಮ್ಮೆ ತೋರಿಸಿ.