ನಿವೃತ್ತರ ಬಡಾವಣೆಯಲ್ಲಿ ಮನೆ: ಬುಕ್ಕಿಂಗ್‌ಗೆ ಮುಂಚೆ ಜಾಗದ ಹಳೇ ಕಥೆ ಕೇಳಿ

ಗಲ್ಫ್‌ನಲ್ಲಿ ಇಪ್ಪತ್ತು-ಮೂವತ್ತು ವರ್ಷ ದುಡಿದು ಊರಿಗೆ ಮರಳುವವರ ಮುಂದೆ ಈಗ ಹೊಸದೊಂದು ಆಯ್ಕೆ ಇದೆ. ಅದೇ ಹಿರಿಯರಿಗಾಗಿಯೇ ಕಟ್ಟಿದ ವಸತಿ ಬಡಾವಣೆ, ಅಂದರೆ 'ಸೀನಿಯರ್ ಲಿವಿಂಗ್'. ಮಕ್ಕಳು ಬೇರೆ ದೇಶದಲ್ಲಿದ್ದರೆ ಇದು ಅನುಕೂಲವೇ. ಅಡುಗೆ, ನರ್ಸ್, ಆಂಬುಲೆನ್ಸ್, ವಾಕಿಂಗ್ ದಾರಿ ಎಲ್ಲವೂ ಬ್ರೋಷರ್‌ನಲ್ಲಿ ಕಾಣುತ್ತವೆ. ಆ ಮನೆ ನಿಲ್ಲುವ ಜಾಗದಲ್ಲಿ ಇಪ್ಪತ್ತು ವರ್ಷದ ಹಿಂದೆ ಏನಿತ್ತು ಎಂಬುದು ಮಾತ್ರ ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ. ಸರ್ವಿಸ್ ಮುಗಿದಾಗ ಬರುವ ಗ್ರಾಚ್ಯುಟಿ ಜೀವನದಲ್ಲಿ ಒಂದೇ ಸಲ ಕೈಗೆ ಸಿಗುವ ದುಡ್ಡು. ಮೂವತ್ತೈದರಲ್ಲಿ ಕಳೆದುಕೊಂಡರೆ ಮತ್ತೆ ದುಡಿಯಬಹುದು, ಅರವತ್ತರಲ್ಲಿ ಹೊಸ ವೀಸಾ ಯಾರು ಕೊಡುತ್ತಾರೆ?

ಬೆಂಗಳೂರಿನಲ್ಲಿ ಮೊದಲು ಕೇಳಬೇಕಾದದ್ದು ಕೆರೆ ಮತ್ತು ರಾಜಕಾಲುವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಹೊರತರಬೇಕಾಯಿತು. ಮೊಣಕಾಲು ನೋವಿರುವ ಎಪ್ಪತ್ತು ವರ್ಷದವರು ಟ್ರ್ಯಾಕ್ಟರ್ ಹತ್ತುವುದನ್ನು ಊಹಿಸಿಕೊಳ್ಳಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಮಸ್ಯೆ ಬೇರೆ. ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಕ್ರೋಮಿಯಂ ಅಂತರ್ಜಲಕ್ಕೆ ಸೇರಿದೆ.

ಕರಾವಳಿಯಲ್ಲಿ ನೋಡಬೇಕಾದ್ದು ಕೆಂಪುಕಲ್ಲಿನ ಕೋರೆ. ಕಲ್ಲು ತೆಗೆದ ಹೊಂಡಕ್ಕೆ ಮಣ್ಣು, ಕಟ್ಟಡದ ಅವಶೇಷ, ಕೆಲವೊಮ್ಮೆ ಕಸ ತುಂಬಿಸಿ ಸಮತಟ್ಟು ಮಾಡಿದರೆ ನೋಡಲು ಚೆಂದದ ಸೈಟ್. ಆದರೆ ಸರಿಯಾಗಿ ಗಟ್ಟಿ ಮಾಡದೆ ತುಂಬಿಸಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಗೋಡೆ ಬಿರುಕು ಬಿಡುತ್ತದೆ. ಪಕ್ಕದ ಜಾಗವನ್ನೂ ಬಿಡಬೇಡಿ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿ ಡಂಪಿಂಗ್ ಯಾರ್ಡಿನ ಕಸದ ರಾಶಿ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳ ಮೇಲೆ ಬಂದದ್ದು ಗೊತ್ತೇ ಇದೆ. ಅಲ್ಲಿನವರ ದಾಖಲೆಯಲ್ಲಿ ಯಾವ ದೋಷವೂ ಇರಲಿಲ್ಲ, ಕಸ ಮಾತ್ರ ಮೇಲ್ಗಡೆ ಇತ್ತು. ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆಯನ್ನಂತೂ ಆ ಊರಿನವರಿಗೆ ಹೇಳಬೇಕಾಗಿಲ್ಲ. ಹಾಗೆಂದು ಹಳೆಯದೆಲ್ಲ ಅಪಾಯವಲ್ಲ. ಗದ್ದೆ, ತೆಂಗಿನ ತೋಟ ಇದ್ದ ಎತ್ತರದ ಜಾಗಕ್ಕೆ ಹೆದರಬೇಕಿಲ್ಲ. ಪೆಟ್ರೋಲ್ ಬಂಕ್, ಗ್ಯಾರೇಜ್, ಬಣ್ಣದ ಘಟಕ ಇದ್ದ ಜಾಗವಾದರೆ ಪರೀಕ್ಷೆ ಬೇಕೇ ಬೇಕು.

ಇದನ್ನೆಲ್ಲ ರೂಮಿನಲ್ಲಿ ಕೂತೇ ಅರ್ಧದಷ್ಟು ಪತ್ತೆ ಮಾಡಬಹುದು. ಸರ್ವೆ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡುವ ಬಿಲ್ಡರ್‌ನಿಂದ ದೂರ ಇರುವುದೇ ಒಳ್ಳೆಯದು. ನಂಬರ್ ಸಿಕ್ಕರೆ ಭೂಮಿ ಪೋರ್ಟಲ್‌ನಲ್ಲಿ ಪಹಣಿ ನೋಡಿ. ಅದರಲ್ಲಿ ಖರಾಬು ಎಂಬ ಕಲಂ ಇರುತ್ತದೆ. 'ಎ' ಖರಾಬು ಎಂದರೆ ಬಂಡೆ ಮುಂತಾಗಿ ಕೃಷಿಗೆ ಬಾರದ ಜಾಗ. 'ಬಿ' ಖರಾಬು ಎಂದರೆ ಹಳ್ಳ, ಕೆರೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನು ಯಾರೂ ಮಾರುವಂತಿಲ್ಲ. ಗ್ರಾಮ ನಕ್ಷೆಯಲ್ಲಿ ಹಳ್ಳ ಎಲ್ಲಿ ಹರಿಯುತ್ತಿತ್ತು ಎಂಬುದು ಗೆರೆಯಲ್ಲಿ ಕಾಣುತ್ತದೆ, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ಗಡಿ ನೋಡಬಹುದು. ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವರ್ಷವೇ ಹಿಂದಕ್ಕೆ ಸರಿಸಿ ನೋಡಿದರೆ ಕೋರೆಯ ಹೊಂಡ, ಒಣಗಿದ ಕೆರೆ, ಕಸದ ಗುಡ್ಡೆ ಕಣ್ಣಿಗೇ ಬೀಳುತ್ತವೆ. ದುಡ್ಡು ಖರ್ಚಿಲ್ಲದ ಇದಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ.

ಭೂ ಪರಿವರ್ತನೆಯ ಆದೇಶವನ್ನು ಪೂರ್ತಿ ಓದಿಸಿ. ಮೊದಲು ಕೈಗಾರಿಕೆಗೆಂದು ಪರಿವರ್ತನೆಯಾಗಿ ಆಮೇಲೆ ವಸತಿಗೆ ಬದಲಾಗಿದ್ದರೆ ಅಲ್ಲಿ ಯಾವ ಕಾರ್ಖಾನೆ ಇತ್ತೆಂದು ಕೇಳಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ವ್ಯವಹಾರವೇ ಅಸಿಂಧು. 2023ರ ತಿದ್ದುಪಡಿ ಬಂದ ಮೇಲೆ 'ಮಾರಿ ತುಂಬಾ ವರ್ಷವಾಯ್ತು' ಎಂಬ ಸಮಾಧಾನಕ್ಕೂ ಅರ್ಥವಿಲ್ಲ. ಇನ್ನೊಂದು ಮಾತು ಎನ್‌ಆರ್‌ಐಗಳಿಗೇ ಸಂಬಂಧಿಸಿದ್ದು. ಫೆಮಾ ನಿಯಮದ ಪ್ರಕಾರ ಅವರು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಖರೀದಿಸುವಂತಿಲ್ಲ. ಪರಿವರ್ತನೆಯಾಗದ ತೋಟದಲ್ಲಿ 'ನಿವೃತ್ತಿ ಕಾಟೇಜ್' ಎಂದು ಮಾರುವವರ ಮಾತಿಗೆ ಮರುಳಾಗಬೇಡಿ.

500 ಚದರ ಮೀಟರ್‌ಗಿಂತ ದೊಡ್ಡ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಪ್ರಾಜೆಕ್ಟ್ ರೇರಾದಲ್ಲಿ ನೋಂದಣಿಯಾಗಿರಬೇಕು. ಜಾಗದ ಹಕ್ಕಿನಲ್ಲೇ ದೋಷವಿದ್ದು ನಷ್ಟವಾದರೆ ರೇರಾ ಕಾಯ್ದೆಯ 18ನೇ ಸೆಕ್ಷನ್‌ನಂತೆ ಪರಿಹಾರ ಕೇಳಲು ಕಾಲಮಿತಿ ಇಲ್ಲ. ಆದರೆ ಇದು ಹಕ್ಕಿನ ಮಾತು, ನೆಲದೊಳಗಿನ ವಿಷದ ಮಾತಲ್ಲ. ಬಿಲ್ಡರ್ ತೋರಿಸುವ ಮಣ್ಣು ಪರೀಕ್ಷೆಯ ವರದಿ ಸಾಮಾನ್ಯವಾಗಿ ನೆಲ ಎಷ್ಟು ಭಾರ ತಾಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲಿ ತುಂಬಿಸಿದ ಮಣ್ಣು ಎಷ್ಟು ಅಡಿ ಇದೆ ಎಂದು ಹುಡುಕಿ. ಬೋರ್‌ವೆಲ್ ನೀರನ್ನು ಭಾರಲೋಹ, ನೈಟ್ರೇಟ್, ಕೋಲಿಫಾರ್ಮ್‌ಗೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನಲ್ಲಿ ಬೇರೆಯಾಗಿ ಪರೀಕ್ಷೆ ಮಾಡಿಸಿ.

ರಜೆಗೆ ಹೋಗುವುದಾದರೆ ಜುಲೈನಲ್ಲಿ ಹೋಗಿ, ಡಿಸೆಂಬರ್‌ನಲ್ಲಿ ಎಲ್ಲ ಜಾಗವೂ ಚೆನ್ನಾಗೇ ಕಾಣುತ್ತದೆ. ಪಕ್ಕದ ಮನೆಯ ಅಜ್ಜನನ್ನೋ ಚಹಾ ಅಂಗಡಿಯವರನ್ನೋ 'ಇಲ್ಲಿ ಮೊದಲು ಏನಿತ್ತು?' ಎಂದು ಕೇಳಿದರೆ ಕಡತದಲ್ಲಿ ಇಲ್ಲದ್ದೂ ಹೊರಬರುತ್ತದೆ.

ಜಾಗ ಸರಿ ಎಂದಾದ ಮೇಲೆ ಉಳಿದದ್ದು. ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ, ರಾತ್ರಿ ನರ್ಸ್ ಇರುತ್ತಾರೆಯೇ, ತಿಂಗಳ ಮೇಂಟೆನೆನ್ಸ್ ವರ್ಷಕ್ಕೆ ಎಷ್ಟು ಏರುತ್ತದೆ, ಗಂಡ-ಹೆಂಡತಿಯಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರ ಹಕ್ಕೇನು, ಮಕ್ಕಳು ಮಾರಬಹುದೇ ಎಂಬುದೆಲ್ಲ ಅಗ್ರಿಮೆಂಟ್‌ನಲ್ಲೇ ಇರಬೇಕು. ನಿವೃತ್ತರ ಮನೆಗಳ ಬಗ್ಗೆ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಬಹುದು. ರಿಜಿಸ್ಟ್ರೇಶನ್‌ಗೆ ಬರಲಾಗದವರು ಅಣ್ಣ-ತಮ್ಮಂದಿರಿಗೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು.