ಹುಬ್ಬಳ್ಳಿ ಸೇವಾ ಮಂಡಲದ ಕಥೆ



ಊರಲ್ಲಿ ಜಾತ್ರೆ ಬಂತೆನ್ನಿ. ತೇರು ಎಳೆಯಲು ನಾ ಮುಂದು ತಾ ಮುಂದು ಎನ್ನುವವರು ಬೇಕಾದಷ್ಟು ಮಂದಿ. ಆದರೆ ಜನ ಹೋದ ಮೇಲೆ ಎಂಜಲೆಲೆ ಬಳಿಯುವವರು ಯಾರು? ಬಂದವರಿಗೆ ನೀರು ಹೊತ್ತು ತರುವವರು ಯಾರು? ಇಂಥ ಕೆಲಸಕ್ಕೆಂದೇ ಒಂದು ಕಾಲಕ್ಕೆ ನಮ್ಮ ನಾಡಿನ ತರುಣರು ಕೂಡಿದ ಸಂಗತಿಯನ್ನು ಇಂದು ಹೇಳುತ್ತೇವೆ, ಕೇಳಿರಿ.

ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ್ ಅಂತ ಒಬ್ಬರಿದ್ದರು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ವೈದ್ಯ ಕಲಿತು, ಅಮೆರಿಕೆಗೂ ಹೋಗಿ ಓದಿ ಬಂದವರು. ಅಷ್ಟು ಓದಿದವರು ದವಾಖಾನೆ ತೆರೆದು ಸುಖವಾಗಿ ಇರಬಹುದಿತ್ತಲ್ಲ? ಅವರು ಹುಬ್ಬಳ್ಳಿಯ ತರುಣರನ್ನು ಕಟ್ಟಿಕೊಂಡು ಸೇವಾ ಮಂಡಲ ನಡೆಸಿದರು. ಶಿಸ್ತು, ಕವಾಯತು, ಜನಸೇವೆ ಇವೇ ಅಲ್ಲಿನ ಪಾಠ.

ಈ ಮಂಡಲದ ಹೆಸರು ದೇಶಕ್ಕೆಲ್ಲ ತಿಳಿದದ್ದು 1923ರಲ್ಲಿ. ನಾಗಪುರದಲ್ಲಿ ಸರಕಾರ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ತಡೆಯಿತು. ಧ್ವಜ ಸತ್ಯಾಗ್ರಹ ಹೂಡಲಾಯಿತು. ನಾನಾ ಪ್ರಾಂತಗಳಿಂದ ಸ್ವಯಂಸೇವಕರು ಹೋಗಿ ತುರಂಗ ಸೇರಿದರು. ತುರಂಗದ ಕಷ್ಟ ತಾಳಲಾರದೆ ಅನೇಕರು ಕ್ಷಮೆ ಬರೆದುಕೊಟ್ಟು ಹೊರಗೆ ಬಂದರು. ಅವರನ್ನು ಹಳಿಯುವುದು ಬೇಡ. ಮನೆಯಲ್ಲಿ ಮಕ್ಕಳು ಮರಿ ಇರುತ್ತಾರೆ, ಬಿತ್ತನೆಯ ದಿನ ಮೀರುತ್ತಿರುತ್ತದೆ. ಆದರೆ ಹುಬ್ಬಳ್ಳಿಯ ಮಂಡಲದವರು ಮಾತ್ರ ಕ್ಷಮೆ ಕೇಳಲು ಒಪ್ಪಲಿಲ್ಲ. ಒಬ್ಬೊಬ್ಬರೇ ಹೋದವರಿಗೂ, ಕೂಡಿ ಕಲಿತು ಹೋದವರಿಗೂ ಇದ್ದ ವ್ಯತ್ಯಾಸ ಅಲ್ಲಿ ಎದ್ದು ಕಂಡಿತು.

ಇಂಥ ದಳ ಇಡೀ ದೇಶಕ್ಕೇ ಬೇಕು ಎಂಬ ಮಾತು ಎದ್ದಿತು. ಅದೇ ವರುಷ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ಜವಾಹರಲಾಲ ನೆಹರೂ ಮೊದಲ ಅಧ್ಯಕ್ಷರು. ದುಡಿಮೆಯ ನೊಗ ಹರ್ಡೀಕರರ ಹೆಗಲಿಗೇ ಬಿತ್ತು. ಎಲ್ಲ ಮುಖಂಡರೂ ಒಪ್ಪಿದರೆಂದು ತಿಳಿಯಬೇಡಿ. ಸಮವಸ್ತ್ರ, ಕವಾಯತು ಎಂದರೆ ಸೈನ್ಯದ ವಾಸನೆ, ಅಹಿಂಸೆಗೆ ಇದು ಹೊಂದೀತೇ ಎಂದು ಹಲವರು ಸಂದೇಹಪಟ್ಟರು. ಆ ಸಂದೇಹ ಹುರುಳಿಲ್ಲದ್ದೇನಲ್ಲ.

ಉತ್ತರ ಸಿಕ್ಕಿದ್ದು ಮಾತಿನಲ್ಲಲ್ಲ, ಬೆಳಗಾವಿಯಲ್ಲಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಅಲ್ಲಿ ಅಧಿವೇಶನ ಕೂಡಿತು. ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಅದೊಂದೇ ಸಲ. ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಬಿಡಾರ ಎದ್ದಿತು. ಸಾವಿರಾರು ಜನ ಬಂದು ಇಳಿಯುವಲ್ಲಿ ಮೊದಲ ಚಿಂತೆ ನೀರಿನದು. ಅದು ನಿಮಗೆ ಹೇಳಿಕೊಡಬೇಕೇ? ಅದಕ್ಕೆಂದು ಬಾವಿ ತೋಡಿಸಿದರು. ಪಂಪಾ ಸರೋವರವೆಂದು ಹೆಸರಿಟ್ಟರು. ಈಗ ಕಾಂಗ್ರೆಸ್ ಬಾವಿ ಅನ್ನುತ್ತಾರೆ, ಹೋದರೆ ನೋಡಬಹುದು.

ಎರಡನೆಯ ಚಿಂತೆ ಪಾಯಖಾನೆಯದು. ಆ ಕಾಲದಲ್ಲಿ ಅದನ್ನು ಒಂದು ಜಾತಿಯವರ ತಲೆಗೆ ಕಟ್ಟಿ ಉಳಿದವರು ಮೂಗು ಮುಚ್ಚಿಕೊಂಡು ಹೋಗುವುದೇ ರೂಢಿ. ಬೆಳಗಾವಿಯಲ್ಲಿ ಸ್ವಯಂಸೇವಕರೇ, ಮೇಲುಜಾತಿಯ ಓದಿದ ಹುಡುಗರೂ ಸೇರಿ, ಕಸಬರಿಗೆ ಹಿಡಿದರು. ಕವಾಯತಿಗಿಂತ ಇದೇ ಕಠಿಣವಾದ ಕಲಿಕೆ ಎಂದು ನಮಗೆ ತೋರುತ್ತದೆ. ಬಾವುಟ ಹಿಡಿದವನನ್ನು ಊರು ಹೊಗಳುತ್ತದೆ. ಕಸಬರಿಗೆ ಹಿಡಿದು ಮನೆಗೆ ಹೋದವನಿಗೆ ಅಂದಿನ ದಿನ ಒಳಗೆ ಬರಗೊಡುತ್ತಿದ್ದರೋ ಇಲ್ಲವೋ!

ತಾಯಂದಿರೇ, ಇನ್ನೊಂದು ಮಾತು. ಆ ಬಿಡಾರದಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇವೆಗೆ ನಿಂತಿದ್ದರು. ಅವರನ್ನು ಕೂಡಿಸಿದವರು ಉಮಾಬಾಯಿ ಕುಂದಾಪುರ. 1923ರಲ್ಲಿ ಪತಿಯನ್ನು ಕಳೆದುಕೊಂಡಿದ್ದ ಹೆಣ್ಣುಮಗಳು. ವಿಧವೆಯಾದವಳು ಮೂಲೆಯಲ್ಲಿ ಕೂಡಬೇಕೆನ್ನುವ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಕನ್ಯಾಶಾಲೆ ನೋಡಿಕೊಂಡರು, ದಳದ ಮಹಿಳಾ ವಿಭಾಗ ನಡೆಸಿದರು. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕರೆದರು. ಒಂದು ಮನೆಯಿಂದ ಒಬ್ಬ ಹೆಣ್ಣುಮಗಳನ್ನು ಹೊರಗೆ ಕಳಿಸಬೇಕಾದರೆ ಅತ್ತೆ, ಮಾವ, ಮೈದುನ ಎಲ್ಲರೂ ಹೂಂ ಅನ್ನಬೇಕಷ್ಟೆ!

1931ರಲ್ಲಿ ದಳವನ್ನು ಕಾಂಗ್ರೆಸ್ಸಿನ ಅಂಗವಾಗಿ ಸೇರಿಸಿಕೊಂಡರು. ಮರುವರುಷ ಸರಕಾರ ಅದನ್ನು ನಿಷೇಧಿಸಿತು. ಉಮಾಬಾಯಿಯವರನ್ನು ಸೆರೆಗೆ ಹಾಕಿ ಅವರ ಶಾಲೆಗೆ ಬೀಗ ಜಡಿದರು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧ ತೆಗೆದರೂ ದಳದ ಮೇಲಿನದನ್ನು ತೆಗೆಯಲಿಲ್ಲ. ಕಸಬರಿಗೆ ಹಿಡಿಯುವವರಿಗೆ ಅಷ್ಟೊಂದು ಅಂಜಿದರೇ ಎಂದು ನಗು ಬರುತ್ತದೆ. ನೀರು ಹೊರಲು ಕೂಡಿದ ಜನ ಮತ್ತೊಂದಕ್ಕೂ ಕೂಡಿಯಾರು ಎಂಬುದು ಸರಕಾರಕ್ಕೆ ಗೊತ್ತಿತ್ತು.

ಹರ್ಡೀಕರರು ಗೆಳೆಯ ವೈದ್ಯರ ಜತೆಗೂಡಿ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯ ಧಾಮವನ್ನೂ ಕಟ್ಟಿದರು. 1975ರಲ್ಲಿ ತೀರಿಕೊಂಡರು. ಉಮಾಬಾಯಿಯವರಿಗೆ 1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಒಪ್ಪಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಗ್ರಾಮಸೇವಿಕೆಯ ಕೆಲಸ ಕಲಿಸುವುದು ಅದರ ಕಾರ್ಯ. ಸ್ವಾತಂತ್ರ್ಯ ಬಂದ ಮೇಲೆ ಬಿರುದು, ಪಿಂಚಣಿ ಯಾವುದಕ್ಕೂ ಅವರು ಕೈ ಚಾಚಲಿಲ್ಲ. ಹುಬ್ಬಳ್ಳಿಯ ಒಂದು ಚಿಕ್ಕ ಮನೆಯಲ್ಲಿದ್ದು 1992ರಲ್ಲಿ ಕಣ್ಣು ಮುಚ್ಚಿದರು.